ಆಕಾಶದ ಗೋಮಾಳ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

1967ರ ನವೆಂಬರ್ 15ರಂದು ಅಮೆರಿಕದ ನೆವಾಡಾ ಸಂಸ್ಥಾನದ ಬತ್ತಿದ ಸರೋವರವೊಂದರ ಮೇಲೆ, ದೊಡ್ಡ ಬಾಂಬರ್ ವಿಮಾನದ ರೆಕ್ಕೆಯಡಿಯಿಂದ ಕಳಚಿಕೊಂಡ ಎಕ್ಸ್-15 ಎಂಬ ರಾಕೆಟ್ ವಿಮಾನ ಮೇಲಕ್ಕೆ ಚಿಮ್ಮಿತು. ಅದನ್ನು ನಡೆಸುತ್ತಿದ್ದವರು ಮೈಕೆಲ್ ಆಡಮ್ಸ್ ಎಂಬ ಪರೀಕ್ಷಾ ವೈಮಾನಿಕರು. ಏರುವಾಗಲೇ ವಿದ್ಯುತ್ ವ್ಯವಸ್ಥೆಯಲ್ಲಿ ಏನೋ ತೊಡಕು ಕಾಣಿಸಿಕೊಂಡಿತ್ತು. 2,66,000 ಅಡಿಗಳ, ಎಂದರೆ ಸುಮಾರು 81 ಕಿಲೋಮೀಟರುಗಳ ಎತ್ತರವನ್ನು ಮುಟ್ಟುವ ವೇಳೆಗೆ ವಿಮಾನದ ಮೂತಿ ತಾನು ಸಾಗುವ ದಿಕ್ಕನ್ನು ಬಿಟ್ಟು ಪಕ್ಕಕ್ಕೆ ಹೊರಳತೊಡಗಿತ್ತು. ನೂರಾರು ಮೈಲಿ ದೂರದ ನಿಯಂತ್ರಣ ಕೋಣೆಯಲ್ಲಿ ಕುಳಿತವರಿಗೆ ಎತ್ತರ, ವೇಗ ಮೊದಲಾದ ಅಂಕಿಗಳು ರೇಡಿಯೋ ಮೂಲಕ ಕ್ಷಣಕ್ಷಣಕ್ಕೂ ಬಂದು ತಲುಪುತ್ತಿದ್ದವು. ಮೂತಿ ಯಾವ ಕಡೆಗೆ ತಿರುಗಿದೆ ಎಂಬ ಒಂದು ಸಂಗತಿ ಮಾತ್ರ ಅವರ ಮುಂದಿನ ಫಲಕಗಳಲ್ಲಿ ಇರಲಿಲ್ಲ. ವಿಮಾನ ಬುಗುರಿಯಂತೆ ಸುತ್ತುತ್ತಿದೆ ಎಂದು ಆಡಮ್ಸ್ ಕೂಗಿ ತಿಳಿಸಿದಾಗ ಅದನ್ನು ತಾಳೆ ನೋಡಿ ಸಲಹೆ ಕೊಡುವ ಸಾಧನ ಕೆಳಗಿದ್ದವರಿಗಿರಲಿಲ್ಲ. ಆ ಸುತ್ತಿನಿಂದೇನೋ ಅವರು ಹೊರಬಂದರು. ಆದರೆ ಅಷ್ಟರಲ್ಲಿ ಮತ್ತೊಂದು ಬಗೆಯ ಹೊಯ್ದಾಟಕ್ಕೆ ಸಿಕ್ಕಿದ ವಿಮಾನ ಗಾಳಿಯ ಹೊಡೆತವನ್ನು ತಾಳಲಾರದೆ ಚೂರಾಯಿತು. ಆಡಮ್ಸ್ ಬದುಕಲಿಲ್ಲ. ವಿಚಾರಣಾ ಮಂಡಳಿ ಮಾಡಿದ ಶಿಫಾರಸುಗಳಲ್ಲಿ ಒಂದು ಇದು: ಇನ್ನು ಮುಂದೆ ವಿಮಾನದ ಮೂತಿಯ ದಿಕ್ಕೂ ರೇಡಿಯೋ ಮೂಲಕ ನೆಲಕ್ಕೆ ಬರಬೇಕು, ನಿಯಂತ್ರಕರ ಕಣ್ಣಿಗೆ ಬೀಳುವಂತಿರಬೇಕು.

ಒಬ್ಬ ಮನುಷ್ಯನ ಸಾವಿನಿಂದ ಒಂದು ಅಂಕಿ ಹೆಚ್ಚಿತು. ವಿಮಾನ ಪರೀಕ್ಷೆಯ ಇತಿಹಾಸವೆಲ್ಲ ಹೀಗೆ ಅಂಕಿಗಳು ಹೆಚ್ಚುತ್ತ ಬಂದ ಇತಿಹಾಸವೇ. ಆ ದಿನ ಆಕಾಶದಲ್ಲಿ ಜಾಗ ಸಾಲದೆ ಅಪಘಾತವಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ಹೆಚ್ಚುವ ಪ್ರತಿಯೊಂದು ಅಂಕಿಗೂ ವಿಮಾನದಿಂದ ನೆಲಕ್ಕೆ ಇಳಿದು ಬರುವ ದಾರಿ ಬೇಕು. ಆ ದಾರಿಯನ್ನು ಉಳಿಸಿಕೊಳ್ಳಲು ನಡೆದ ದೀರ್ಘವಾದ, ಹೊರಗಿನವರಿಗೆ ಅಷ್ಟಾಗಿ ಕೇಳಿಸದ ವ್ಯಾಜ್ಯವೊಂದುಂಟು. ಅದೇ ಈ ಭಾಷಣದ ವಸ್ತು.

ಹಿಂದಿನ ಕಾಲದ ಪರೀಕ್ಷಾ ವೈಮಾನಿಕರು ತೊಡೆಗೆ ಕಟ್ಟಿಕೊಂಡ ಕಾಗದದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಆಮೇಲೆ ವಿಮಾನದೊಳಗಿನ ಮಾಪಕಗಳ ಎದುರಿಗೆ ಒಂದು ಕ್ಯಾಮೆರಾ ಇಟ್ಟು ಅವುಗಳ ಮುಳ್ಳುಗಳನ್ನು ಚಿತ್ರಿಸಿಕೊಳ್ಳುವ ಉಪಾಯ ಬಂತು. ಎರಡರಲ್ಲೂ ಒಂದು ಕೊರತೆ: ವಿಮಾನ ಬಿದ್ದರೆ ಬರಹವೂ ಅದರೊಡನೆ ಬೀಳಬಹುದು, ಬೀಳದಿದ್ದರೂ ಅಪಾಯ ತಿಳಿಯುವುದು ಅದು ಕಳೆದ ಮೇಲೆ. 1947ರಲ್ಲಿ ಶಬ್ದದ ವೇಗವನ್ನು ದಾಟಿದ ಎಕ್ಸ್-1 ವಿಮಾನದಲ್ಲಾಗಲೇ ಕೆಲವು ಅಳತೆಗಳನ್ನು ರೇಡಿಯೋ ಮೂಲಕ ನೆಲಕ್ಕೆ ಕಳಿಸುವ ಯಂತ್ರವಿತ್ತು. ಇದಕ್ಕೆ ಟೆಲಿಮೆಟ್ರಿ ಎಂದು ಹೆಸರು, ದೂರಮಾಪನ ಎನ್ನಬಹುದು. ರೆಕ್ಕೆ ಮಿತಿಮೀರಿ ಅದುರತೊಡಗಿದರೆ ಕೆಲವು ಕ್ಷಣಗಳಲ್ಲಿಯೇ ಅದು ಮುರಿಯಬಲ್ಲುದು. ನೆಲದ ಮೇಲಿನ ಎಂಜಿನಿಯರು ಆ ಅದಿರನ್ನು ಗೆರೆಯಾಗಿ ನೋಡುತ್ತಿದ್ದರೆ, ವೈಮಾನಿಕನಿಗೆ ಅರಿವಾಗುವುದಕ್ಕೆ ಮೊದಲೇ ‘ಸಾಕು, ನಿಲ್ಲಿಸಿ’ ಎನ್ನಬಹುದು. ಆ ಒಂದು ಮಾತಿಗಾಗಿಯೇ ಇಷ್ಟೆಲ್ಲ ಸಿದ್ಧತೆ.

ಈ ಅಂಕಿಗಳಿಗೆ ಎಷ್ಟು ಜಾಗ ಬೇಕು? ಸಾವಿರ ಮಾಪಕಗಳಿವೆ, ಒಂದೊಂದನ್ನೂ ಸೆಕೆಂಡಿಗೆ 500 ಸಲ ಓದಬೇಕು, ಒಂದೊಂದು ಓದಿಗೂ 16 ಬಿಟ್‌ಗಳು ಎಂದಿಟ್ಟುಕೊಂಡರೆ ಸೆಕೆಂಡಿಗೆ 80 ಲಕ್ಷ ಬಿಟ್‌ಗಳಾದವು. ಹಳೆಯ ಕ್ರಮದಲ್ಲಿ ಅದನ್ನು ಕಳಿಸಲು ಒಂಬತ್ತು ಮೆಗಾಹರ್ಟ್ಸ್‌ಗೂ ಹೆಚ್ಚು ಅಗಲದ ಪಟ್ಟಿ ಬೇಕು. ಬೆಂಗಳೂರು ನಿಲಯದ 612 ಕಿಲೋಹರ್ಟ್ಸ್ ನಮ್ಮಲ್ಲಿ ಅನೇಕರಿಗೆ ಬಾಯಿಪಾಠವಾದ ಅಂಕಿ. ಅದು ಸೇರಿದ ಮಧ್ಯಮ ತರಂಗದ ಪಟ್ಟಿ, ಎಂದರೆ ನಮ್ಮ ರೇಡಿಯೋ ಪೆಟ್ಟಿಗೆಯ ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸಂಚರಿಸುವಷ್ಟು ಜಾಗವೆಲ್ಲ, ಒಂದು ಮೆಗಾಹರ್ಟ್ಸ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಂಥ ಎಂಟು ಪಟ್ಟಿಗಳನ್ನು ಒಂದೇ ಒಂದು ವಿಮಾನ ತನ್ನ ಹಾರಾಟದ ಹೊತ್ತು ನುಂಗಿಬಿಡುತ್ತದೆ.

ಈ ಜಾಗಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೂ ಒಂದು ಪ್ರಶ್ನೆಯೇ. ಪತ್ರಿಕೆಗಳು ‘ತರಂಗಾಂತರ’ ಎನ್ನುತ್ತವೆ, ‘ತರಂಗಗುಚ್ಛ’ ಎಂದೂ ಬರೆಯುತ್ತವೆ. ಮೊದಲನೆಯದು ಎರಡು ಅಲೆಗಳ ನಡುವಣ ದೂರವನ್ನು ಹೇಳುವ ಮಾತು. ಎರಡನೆಯದು ಹೂವಿನ ಅಂಗಡಿಯನ್ನು ನೆನಪಿಗೆ ತರುತ್ತದೆ. ನಾನು ಎರಡನೆಯದನ್ನೇ ಬಳಸುತ್ತೇನೆ. ಆದರೆ ಆ ವಸ್ತುವಿನ ಸ್ವಭಾವವನ್ನು ತಿಳಿಯುವುದಕ್ಕೆ ನಮ್ಮ ಹಳ್ಳಿಯ ಗೋಮಾಳವನ್ನು ನೆನೆದುಕೊಂಡರೆ ಒಳ್ಳೆಯದು. ಅದು ಯಾರ ಸ್ವಂತದ್ದೂ ಅಲ್ಲ, ಎಲ್ಲರಿಗೂ ಬೇಕಾದದ್ದು. ಎಷ್ಟು ಮೇಯಿಸಿದರೂ ಸವೆದುಹೋಗದು. ಆದರೆ ಒಂದೇ ಗಳಿಗೆಯಲ್ಲಿ ಒಂದೇ ಕಡೆ ಇಬ್ಬರು ಮೇಯಿಸುವಂತಿಲ್ಲ. ಖಾಲಿ ಬಿದ್ದಿರುವಂತೆ ಕಂಡಿತೋ, ಬೇಲಿ ಸರಿಸುವವರು ಬಂದೇ ಬರುತ್ತಾರೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಈ ಗೋಮಾಳ ಬಹುಮಟ್ಟಿಗೆ ಬಯಲೇ. ಇಂದು ಅದರಲ್ಲಿ ಅಂಗುಲ ನೆಲವೂ ಪಹಣಿಯಿಲ್ಲದೆ ಉಳಿದಿಲ್ಲ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಆ ಪಹಣಿಯನ್ನು ಕಾಯುವ ಕಚೇರಿ. ಅದು ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿದೆ. ಯಾವ ವಲಯದಲ್ಲಿ ಯಾವ ಪಟ್ಟಿ ಯಾವ ಕೆಲಸಕ್ಕೆ ಎಂಬುದನ್ನು ಕೆಲವು ವರ್ಷಗಳಿಗೊಮ್ಮೆ ರಾಷ್ಟ್ರಗಳೆಲ್ಲ ಸೇರಿದ ಸಮ್ಮೇಳನ ತೀರ್ಮಾನಿಸುತ್ತದೆ. ಎಷ್ಟೋ ಹಕ್ಕುಗಳು ಆ ಪಹಣಿಯ ಅಡಿಟಿಪ್ಪಣಿಗಳಲ್ಲಿ ಬದುಕಿಕೊಂಡಿವೆ.

ಈ ಗೋಮಾಳದಲ್ಲಿ ಪರೀಕ್ಷಾ ವಿಮಾನ ಒಳ್ಳೆಯ ನೆರೆಯವನಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಸುತ್ತಲೂ ನಾನೂರು ಕಿಲೋಮೀಟರ್ ದೂರದ ನೆಲ ಕಾಣುತ್ತದೆ. ಅದರ ಕೆಲವೇ ವಾಟ್‌ಗಳ ದನಿ ಅಷ್ಟು ನೆಲಕ್ಕೂ ಕೇಳಿಸುತ್ತದೆ. ಹಾಗಾಗಿ ಅಷ್ಟು ಪ್ರದೇಶದಲ್ಲಿ ಅದೇ ಕಂಪನಾಂಕವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕೆಳಗೆ ದೊಡ್ಡ ಬೋಗುಣಿಯಂಥ ಆಂಟೆನಾ ಆ ಕ್ಷೀಣವಾದ ದನಿಗೆ ಕಿವಿಗೊಟ್ಟು ವಿಮಾನದ ಹಿಂದೆಯೇ ಕತ್ತು ತಿರುಗಿಸುತ್ತಿರುತ್ತದೆ. ಅದರ ಕಿವಿಯ ಬಳಿ ಯಾರು ಪಿಸುಗುಟ್ಟಿದರೂ ಅಂಕಿಗಳು ಕೆಡುತ್ತವೆ. ಸಾಲದ್ದಕ್ಕೆ, ಪರೀಕ್ಷೆಯಿಲ್ಲದ ಹೊತ್ತಿನಲ್ಲಿ ಪಟ್ಟಿ ಬರಿದಾಗಿ ಬಿದ್ದಿರುತ್ತದೆ. ಹೊರಗಿನಿಂದ ನೋಡಿದವರಿಗೆ ಪಾಳು ನೆಲವೆಂದೇ ತೋರಬೇಕು.

ಮೊದಲು ಅಮೆರಿಕದ ಪರೀಕ್ಷಾ ಕೇಂದ್ರಗಳು 225ರಿಂದ 260 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿದ್ದವು. 1954ರಲ್ಲಿ ವಿಮಾನ ತಯಾರಕರೆಲ್ಲ ಸೇರಿ ಒಂದು ಸಮನ್ವಯ ಮಂಡಳಿಯನ್ನು ಮಾಡಿಕೊಂಡರು. ಯಾವ ಕಾರ್ಖಾನೆ ಯಾವ ದಿನ ಯಾವ ಕಂಪನಾಂಕ ಬಳಸಬೇಕೆಂದು ಹಂಚಿಕೊಡುವುದು ಅದರ ಕೆಲಸ. ನಮ್ಮ ಕೆರೆಯ ನೀರುಗಂಟಿ ತೂಬಿನ ಬಳಿ ನಿಂತು ಸರದಿಯ ಮೇಲೆ ನೀರು ಬಿಡುವಂತೆ. ವ್ಯಾಪಾರದಲ್ಲಿ ಕತ್ತಿ ಮಸೆಯುವ ಕಂಪನಿಗಳು ಈ ಒಂದು ವಿಷಯದಲ್ಲಿ ಒಂದೇ ಜಗಲಿಯ ಮೇಲೆ ಕುಳಿತದ್ದು ಸಣ್ಣ ಸಂಗತಿಯಲ್ಲ. ಆ ಹಳೆಯ ಪಟ್ಟಿ ಸೈನ್ಯದ ಸಂಭಾಷಣೆಗೆ ಬೇಕಾಯಿತೆಂದು 1970ರ ಜನವರಿ 1ರ ಹೊತ್ತಿಗೆ ಖಾಲಿ ಮಾಡಿಸಿದರು. ಟೆಲಿಮೆಟ್ರಿ ಮೇಲಿನ ಕಂಪನಾಂಕಗಳಿಗೆ ಗುಳೆ ಹೋಯಿತು: 1435ರಿಂದ 1535ರವರೆಗೆ ಒಂದು ಪಟ್ಟಿ, 2200ರಿಂದ 2300ರವರೆಗೆ ಇನ್ನೊಂದು. ಮುಂದೆ 2310ರಿಂದ 2390ರವರೆಗಿನ ಜಾಗವೂ ಬಳಕೆಗೆ ಬಂತು. ಹೊಸ ಊರು ವಿಶಾಲವಾಗಿತ್ತು. ಇಪ್ಪತ್ತು ವರ್ಷ ಯಾರೂ ಬಾಗಿಲು ತಟ್ಟಲಿಲ್ಲ.

ಬಾಗಿಲು ತಟ್ಟಿದವರು ಯಾರೆಂದರೆ, ಬಾನುಲಿಯವರೇ! 1992ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಸ್ಪೇನಿನ ಟೊರೆಮೊಲಿನೋಸ್‌ನಲ್ಲಿ ನಡೆದ ಸಮ್ಮೇಳನದಲ್ಲಿ, ಉಪಗ್ರಹದಿಂದ ನೇರವಾಗಿ ಶ್ರೋತೃವಿನ ಪೆಟ್ಟಿಗೆಗೆ ಸಂಗೀತವನ್ನು ಇಳಿಸುವ ಹೊಸ ವಿಧಾನಕ್ಕೆ ಜಾಗ ಹುಡುಕುತ್ತಿದ್ದರು. ಬಹುಪಾಲು ರಾಷ್ಟ್ರಗಳಿಗೆ ಒಪ್ಪಿಗೆಯಾದದ್ದು 1452ರಿಂದ 1492 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಅಮೆರಿಕದ ಪಾಲಿಗೆ ಅದು ಪರೀಕ್ಷಾ ವಿಮಾನಗಳ ಪಟ್ಟಿಯ ನಟ್ಟನಡುವೆ ಬಿತ್ತು. ಅಮೆರಿಕ ಅದನ್ನು ಒಪ್ಪದೆ, ತನ್ನ ಉಪಗ್ರಹ ಬಾನುಲಿಗೆ 2310ರಿಂದ 2360ರವರೆಗಿನ ಜಾಗವನ್ನು ತೋರಿಸಿತು. ಅದೂ ಟೆಲಿಮೆಟ್ರಿಯ ಜಾಗವೇ! ಮನೆ ಉಳಿಸಿಕೊಳ್ಳುವುದಕ್ಕೆ ಹಿತ್ತಿಲನ್ನು ಬರೆದುಕೊಟ್ಟ ಹಾಗಾಯಿತು. 1435ರ ಪಟ್ಟಿಯ ಮೇಲ್ತುದಿಯ ಹತ್ತು ಮೆಗಾಹರ್ಟ್ಸ್ ಕೂಡ ಉಪಗ್ರಹ ದೂರವಾಣಿಗೆ ಹೋಗಿ, ಅದು 1525ಕ್ಕೆ ನಿಂತಿತು.

ಟೊರೆಮೊಲಿನೋಸಿನ ಈ ತೀರ್ಮಾನದ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದು ಮುಟ್ಟಿತು. ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ಬಾನುಲಿ ಸಂಸ್ಥೆ ತನ್ನ ಭಾರತೀಯ ಶಾಖೆಯನ್ನು ಬೆಂಗಳೂರಿನಲ್ಲಿ ನಡೆಸುತ್ತಿತ್ತು. ಅದರ ‘ಸ್ಪರ್ಶ’ ಎಂಬ ಕನ್ನಡ ವಾಹಿನಿಯನ್ನೂ, ಕರ್ನಾಟಕ ಸಂಗೀತದ ‘ಶ್ರುತಿ’ಯನ್ನೂ ಕೇಳುತ್ತಿದ್ದವರು ಇಂದಿಗೂ ಅವನ್ನು ನೆನೆಯುತ್ತಾರೆ. 2009ರ ಕೊನೆಗೆ ನಿಂತುಹೋದ ಆ ಸೇವೆ ಉಪಗ್ರಹದಿಂದ ಇಳಿಯುತ್ತಿದ್ದದ್ದು 1467ರಿಂದ 1492 ಮೆಗಾಹರ್ಟ್ಸ್‌ನಲ್ಲಿ. ಅತ್ತ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಯಾವುದೋ ವಿಮಾನದ ರೆಕ್ಕೆಯ ನಡುಕವನ್ನು ಹೊತ್ತು ತರುತ್ತಿದ್ದ ಅಂಥದೇ ಅಲೆ, ಇತ್ತ ಮಲ್ಲೇಶ್ವರದ ಯಾವುದೋ ಮನೆಗೆ ರಾಗಾಲಾಪನೆಯನ್ನು ತರುತ್ತಿತ್ತು. ಅದೇ ಕಾಲಕ್ಕೆ, 2001ರ ಜನವರಿ 4ರಂದು, ಮುಂದೆ ‘ತೇಜಸ್’ ಎಂದು ಹೆಸರು ಪಡೆದ ವಿಮಾನವನ್ನು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿಗೆ ಮೇಲೇರಿಸಿದರು. ಹದಿನೆಂಟು ನಿಮಿಷಗಳ ಆ ಹಾರಾಟದ ಉದ್ದಕ್ಕೂ ಕೆಳಗೆ ಟೆಲಿಮೆಟ್ರಿ ಕೋಣೆಯಲ್ಲಿ ಎಂಜಿನಿಯರರ ಕಣ್ಣುಗಳು ಪರದೆಗೆ ಅಂಟಿಕೊಂಡಿದ್ದವು. ಆ ನಿಲ್ದಾಣದ ಬಳಿಯ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವ ಸಾವಿರಾರು ಜನರಲ್ಲಿ, 1970ರ ಜನವರಿ 10ರಂದು ಎಚ್‌ಎಫ್-24 ವಿಮಾನವನ್ನು ಪರೀಕ್ಷಿಸುವಾಗ ಪ್ರಾಣತೆತ್ತವರ ಹೆಸರು ಅದೆಂದು ಎಷ್ಟು ಜನ ಬಲ್ಲರೋ!

ಅಮೆರಿಕದ ಕಥೆಗೆ ಮರಳೋಣ. ಬಿಟ್ಟುಕೊಟ್ಟ ಹಿತ್ತಿಲು ಏನಾಯಿತು? 1997ರ ಏಪ್ರಿಲ್‌ನಲ್ಲಿ ಅದರ ನಡುವಣ 25 ಮೆಗಾಹರ್ಟ್ಸ್ ಎರಡು ಉಪಗ್ರಹ ಬಾನುಲಿ ಕಂಪನಿಗಳಿಗೆ ಹರಾಜಾಯಿತು. ಒಬ್ಬೊಬ್ಬರೂ ಎಂಟು ಕೋಟಿ ಡಾಲರಿಗಿಂತ ಹೆಚ್ಚು ಕೊಟ್ಟರು. ಅದರ ಅಕ್ಕಪಕ್ಕದ ತುಂಡುಗಳನ್ನೂ ಅದೇ ತಿಂಗಳು ಹರಾಜಿಗೆ ಇಡಬೇಕೆಂದು ಶಾಸನ ಸಭೆ ಆಯವ್ಯಯದ ಮಸೂದೆಯಲ್ಲೇ ಕಟ್ಟುಮಾಡಿತ್ತು. ಸುಮಾರು 180 ಕೋಟಿ ಡಾಲರ್ ಬರುವುದೆಂಬ ಲೆಕ್ಕ ಖರ್ಚಿನ ಪುಸ್ತಕದಲ್ಲಿ ಮೊದಲೇ ಏರಿತ್ತು. ಬಂದದ್ದು 1 ಕೋಟಿ 36 ಲಕ್ಷ! ಕೆಲವು ಪ್ರದೇಶಗಳ ಪರವಾನಗಿಗಳು ಒಂದೇ ಒಂದು ಡಾಲರಿಗೆ ಹೋದವು. ಹಣವೂ ಬರಲಿಲ್ಲ, ಜಾಗವೂ ಉಳಿಯಲಿಲ್ಲ. ಮಾರುವವರ ದೃಷ್ಟಿಯಲ್ಲಿ ಬೆಲೆಯಿದ್ದದ್ದು ಕೊಳ್ಳುವವರಿದ್ದ ವಸ್ತುವಿಗೆ. ಮುರಿಯದೆ ಉಳಿದ ರೆಕ್ಕೆಯನ್ನು ಕೊಳ್ಳುವವರು ಯಾರು?

ಈ ಪೆಟ್ಟಿನ ನಂತರ ಟೆಲಿಮೆಟ್ರಿಯವರು ಎರಡು ಕೆಲಸ ಕೈಗೆತ್ತಿಕೊಂಡರು. ನನ್ನ ಮಟ್ಟಿಗೆ ಈ ಇತಿಹಾಸದ ಘನವಾದ ಭಾಗ ಇದೇ. ದೂರು ಹೇಳುವುದಕ್ಕೆ ಮೊದಲು ತಮ್ಮ ಮನೆಯನ್ನು ಒಪ್ಪ ಮಾಡಿಕೊಳ್ಳಬೇಕೆಂದು ಅವರಿಗೆ ತೋರಿತು. ಅಂಕಿಗಳನ್ನು ಅಲೆಯ ಮೇಲೆ ಏರಿಸುವ ಹಳೆಯ ಕ್ರಮ ಗಟ್ಟಿಮುಟ್ಟಾದದ್ದು, ಆದರೆ ದುಂದುಗಾರ. ಸೆಕೆಂಡಿಗೆ 50 ಲಕ್ಷ ಬಿಟ್‌ಗಳಿಗೆ ಸುಮಾರು ಆರು ಮೆಗಾಹರ್ಟ್ಸ್ ಬೇಡುತ್ತಿತ್ತು. ಅಲೆಯ ಹೆಜ್ಜೆಯನ್ನು ನಯವಾಗಿ ತಿರುಗಿಸುವ ಹೊಸ ಕ್ರಮಗಳನ್ನು 1990ರ ದಶಕದ ಕೊನೆಯಿಂದ ಎಡ್ವರ್ಡ್ಸ್ ವಾಯುನೆಲೆಯ ಸುತ್ತಮುತ್ತ ಅಭ್ಯಾಸ ಮಾಡಿದರು. 2004ರ ಶಿಷ್ಟಮಾನದಲ್ಲಿ ಸೇರಿದ ಕ್ರಮದಲ್ಲಿ ಅಷ್ಟೇ ಅಂಕಿಗಳು ನಾಲ್ಕು ಮೆಗಾಹರ್ಟ್ಸ್‌ನಲ್ಲಿ ಅಡಕವಾದವು. ಇನ್ನೂ ಬಿಗಿಯಾದ, ಆದರೆ ಬಿಡಿಸಿ ಓದಲು ಕಷ್ಟವಾದ ಮತ್ತೊಂದರಲ್ಲಿ ಮೂರಕ್ಕೂ ಕಡಿಮೆ. ಛಂದಸ್ಸು ಬಲ್ಲವರಿಗೆ ಇದು ಹೊಸದೆನಿಸದು: ಅದೇ ಭಾವವನ್ನು ರಗಳೆಯಲ್ಲಿ ಹರಿಯಬಿಡಬಹುದು, ಕಂದಪದ್ಯದಲ್ಲಿ ಬಿಗಿಯಬಹುದು.

ಎರಡನೆಯ ಕೆಲಸ ಎಣಿಕೆ. ‘ನಮಗೆ ಜಾಗ ಸಾಲದು’ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ಎಲ್ಲರೂ ಹೇಳುವ ಮಾತು ಅದೇ. ಹಿಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ಒಂದೊಂದು ವಿಮಾನದ ಪರೀಕ್ಷೆಗೆ ಎಷ್ಟೆಷ್ಟು ಬಿಟ್‌ಗಳು ಬೇಕಾದವು, ಆ ಏರಿಕೆ ಎತ್ತ ಸಾಗಿದೆ, ಒಂದೇ ದಿನ ಒಂದೇ ಬಾನಿನಲ್ಲಿ ಎಷ್ಟು ವಿಮಾನಗಳು ಹಾರಬೇಕಾಗುತ್ತದೆ ಎಂದು ಲೆಕ್ಕ ಹಾಕಿ, ಇನ್ನೂ ಸುಮಾರು 650 ಮೆಗಾಹರ್ಟ್ಸ್ ಬೇಕೆಂಬ ಅಂಕಿಗೆ ಬಂದರು. ಇದ್ದ ಜಾಗಕ್ಕೆ ಹೋಲಿಸಿದರೆ ಇದು ದಿಗಿಲು ಹುಟ್ಟಿಸುವ ಬೇಡಿಕೆ. ಅಷ್ಟು ಅಗಲವಾದ ನೆಲ ಸಿಗುವುದಿದ್ದರೆ ಇನ್ನೂ ಮೇಲೆ, ನಾಲ್ಕೈದು ಸಾವಿರ ಮೆಗಾಹರ್ಟ್ಸ್‌ಗಳ ಆಚೆ ಹುಡುಕಬೇಕು. ಅಲ್ಲಿ ಹೊಸ ಯಂತ್ರಗಳು ಬೇಕು. ಅಲ್ಲೂ ಉಪಗ್ರಹಗಳವರು, ನಕ್ಷತ್ರಗಳ ದನಿ ಆಲಿಸುವ ಖಗೋಳಜ್ಞರು ಮೊದಲೇ ನೆಲೆಸಿದ್ದಾರೆ. ಒಂದು ದೇಶ ತನ್ನಷ್ಟಕ್ಕೆ ತಾನು ತೀರ್ಮಾನಿಸಿದರೂ ಸಾಲದು. ವಿಮಾನವನ್ನು ಚಳಿ, ಸೆಕೆ, ಎತ್ತರಗಳ ಪರೀಕ್ಷೆಗೆ ಪರದೇಶಗಳಿಗೆ ಒಯ್ಯಬೇಕು. ಫ್ರಾನ್ಸಿನ ತುಲೂಸ್‌ನಲ್ಲಿ ಮೊದಲು ಹಾರಿದ ಏರ್‌ಬಸ್ ಎ-380ನ್ನು 2006ರಲ್ಲಿ ಚಳಿಗಾಗಿ ಕೆನಡಾದ ಉತ್ತರದ ಇಕಾಲೂಯಿಟ್‌ಗೆ ಕೊಂಡೊಯ್ದಿದ್ದರು.

2003ರಲ್ಲಿ ಜಿನೀವಾದ ಸಮ್ಮೇಳನ ಈ ಬೇಡಿಕೆಯನ್ನು ಮುಂದಿನ ಸಭೆಯ ವಿಷಯಸೂಚಿಗೆ ಸೇರಿಸಿತು. ಹೊರಗಿನವರಿಗೆ ಇದೊಂದು ಗೆಲುವೆಂದೇ ಅನ್ನಿಸಲಿಕ್ಕಿಲ್ಲ. ಆದರೆ ಆ ಸೂಚಿಯಲ್ಲಿ ಇಲ್ಲದ ವಿಷಯವನ್ನು ಯಾರೂ ಚರ್ಚಿಸುವಂತಿಲ್ಲವಾದ್ದರಿಂದ, ಅರ್ಧ ಯುದ್ಧ ಅಲ್ಲೇ ಮುಗಿದಂತೆ. ನಡುವಣ ನಾಲ್ಕು ವರ್ಷ ಗಣಿತದಲ್ಲಿ ಕಳೆಯಿತು. ವಿಮಾನದ ದನಿ ಉಪಗ್ರಹಕ್ಕೆ ಎಷ್ಟು ಕೇಳಿಸೀತು, ಎಷ್ಟರ ಮೇಲೆ ಅದು ಕಿರುಕುಳ ಎಂದು ಪ್ರತಿಯೊಬ್ಬ ನೆರೆಯವನೊಡನೆ ಕುಳಿತು ಲೆಕ್ಕ ಮಾಡಬೇಕಾಯಿತು. 2007ರ ಅಕ್ಟೋಬರ್ 22ರಿಂದ ನವೆಂಬರ್ 16ರವರೆಗೆ ಮತ್ತೆ ಜಿನೀವಾದಲ್ಲಿ ಸೇರಿದ ಸಮ್ಮೇಳನ ತೀರ್ಪು ಕೊಟ್ಟಿತು. ಅಮೆರಿಕ ಖಂಡಗಳ ವಲಯದ ಬಹುಪಾಲು ದೇಶಗಳಿಗೆ 4400ರಿಂದ 4940ರವರೆಗೆ. ಅದರಲ್ಲಿ ಆಸ್ಟ್ರೇಲಿಯವೂ ಸೇರಿಕೊಂಡಿತು. ಅದೇ ವಲಯದಲ್ಲಿ 5925ರಿಂದ 6700. ಯುರೋಪು ಆಫ್ರಿಕಗಳ ವಲಯದ ಅನೇಕ ದೇಶಗಳಿಗೆ 5150ರಿಂದ 5250. ಇವಲ್ಲದೆ 5091ರಿಂದ 5150ರವರೆಗಿನ ಒಂದು ತುಂಡು. ಈ ಕೊನೆಯದರ ಕಥೆ ಸ್ವಾರಸ್ಯವಾದದ್ದು: ವಿಮಾನಗಳನ್ನು ಮೈಕ್ರೋವೇವ್ ಅಲೆಗಳಿಂದ ನೆಲಕ್ಕಿಳಿಸುವ ಒಂದು ವ್ಯವಸ್ಥೆಗಾಗಿ ಮೀಸಲಿಟ್ಟ ಜಾಗ ಅದು. ಉಪಗ್ರಹಗಳಿಂದ ದಾರಿ ಕಾಣುವ ವಿಧಾನ ಬಂದು ಆ ವ್ಯವಸ್ಥೆ ನಿರೀಕ್ಷಿಸಿದಷ್ಟು ಹರಡಲೇ ಇಲ್ಲ. ಮದುವೆಗೆಂದು ಹಾಕಿದ ಚಪ್ಪರದಲ್ಲಿ ಮದುವೆ ನಡೆಯದೆ, ನೆಂಟರು ಬಂದು ಇಳಿದುಕೊಂಡರು. ವಿಮಾನ ಕಟ್ಟುವ ಬ್ರೆಜಿಲ್ ಮಾತ್ರ ತನ್ನ ಖಂಡದ ಎರಡೂ ದೊಡ್ಡ ಪಟ್ಟಿಗಳಿಂದ ಹೊರಗುಳಿದು, ಯುರೋಪಿನವರ ಟಿಪ್ಪಣಿಯಲ್ಲಿ ತನ್ನ ಹೆಸರು ಬರೆಸಿಕೊಂಡಿತು.

ಕೊಟ್ಟದ್ದು ಧಾರಾಳವಾಗಿಯೇ, ಆದರೆ ಷರತ್ತುಗಳ ಸಮೇತ. ಪ್ರಯಾಣಿಕರ ನಿತ್ಯದ ಹಾರಾಟಕ್ಕೆ ಬಳಸುವಂತಿಲ್ಲ, ಪರೀಕ್ಷೆಗೆ ಮಾತ್ರ. ಉಪಗ್ರಹಗಳಿಗೆ ತಗಲುವ ದನಿ ಇಷ್ಟನ್ನು ಮೀರಬಾರದು. ಎಂದರೆ ಇದು ಒಡೆತನವಲ್ಲ, ಒಕ್ಕಲು. ನನಗೆ ತೋರುವಂತೆ ಟೆಲಿಮೆಟ್ರಿಯವರು ಗೆದ್ದದ್ದೂ ಇದರಿಂದಲೇ. ಜಾಗವೆಲ್ಲ ತಮ್ಮದೇ ಆಗಬೇಕೆಂದು ಪಟ್ಟು ಹಿಡಿದಿದ್ದರೆ 1997ರ ಹರಾಜೇ ಮರುಕಳಿಸುತ್ತಿತ್ತು.

ಮೊಬೈಲ್ ದೂರವಾಣಿಯ ಹಸಿವು ಇಷ್ಟಕ್ಕೆ ತಣಿಯಲಿಲ್ಲ. 2015ರ ಸಮ್ಮೇಳನದಲ್ಲಿ 1427ರಿಂದ 1518ರವರೆಗಿನ ಪಟ್ಟಿ ಜಗತ್ತಿನ ಬಹುಭಾಗದಲ್ಲಿ ಅದಕ್ಕೆಂದು ಗುರುತಾಯಿತು. ಅದೇ ವರ್ಷದ ಜನವರಿಯಲ್ಲಿ ಮುಗಿದ ಅಮೆರಿಕದ ಇನ್ನೊಂದು ಹರಾಜಿನಲ್ಲಿ, ಸೈನ್ಯದ ಪರೀಕ್ಷಾ ವಿಮಾನಗಳೂ ಬಳಸುತ್ತಿದ್ದ 1755ರಿಂದ 1780ರವರೆಗಿನ ಜಾಗ ಬೇರೆ ಕೆಲವು ತುಂಡುಗಳೊಡನೆ ಮಾರಾಟವಾಗಿ, ಒಟ್ಟು 4,400 ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. 2004ರ ಕಾನೂನಿನಂತೆ, ಸರ್ಕಾರಿ ಬಳಕೆದಾರರನ್ನು ಎಬ್ಬಿಸಿ ಜಾಗ ಮಾರಿದರೆ ಅವರು ಬೇರೆಡೆ ನೆಲೆಯೂರುವ ಖರ್ಚು ಹರಾಜಿನ ಹಣದಿಂದಲೇ ಸಲ್ಲಬೇಕು. 2007ರಲ್ಲಿ ಕಾಗದದ ಮೇಲೆ ದೊರೆತ ಮೇಲಿನ ಪಟ್ಟಿಗಳಿಗೆ ಬೇಕಾದ ಆಂಟೆನಾಗಳನ್ನೂ ಯಂತ್ರಗಳನ್ನೂ ಪರೀಕ್ಷಾ ಕೇಂದ್ರಗಳು ಕೊಳ್ಳಲು ಒದಗಿಬಂದದ್ದು ಈ ಹಣ.

1997ರಲ್ಲಿ ಕತ್ತರಿಸಿ ಉಳಿದ ಪಟ್ಟಿಯ ಮಾತೊಂದನ್ನು ಹೇಳಬೇಕು. 2360ರಿಂದ 2390ರವರೆಗಿನ ಆ ತುಂಡಿನಲ್ಲಿ ಪಾಲು ಬೇಕೆಂದು ಬಂದವರು ಆಸ್ಪತ್ರೆಯ ಉಪಕರಣಗಳನ್ನು ತಯಾರಿಸುವವರು. ರೋಗಿಯ ಮೈಗೆ ಅಂಟಿಸಿದ ಪುಟ್ಟ ಪಟ್ಟಿಗಳು ನಾಡಿ, ಉಸಿರು, ಜ್ವರಗಳನ್ನು ತಂತಿಯಿಲ್ಲದೆ ಹಾಸಿಗೆಯ ಪಕ್ಕದ ಯಂತ್ರಕ್ಕೆ ಕಳಿಸಬೇಕೆಂಬುದು ಅವರ ಆಸೆ. ಮೊದಲು ಜಗಳವಾಯಿತು, ಆಮೇಲೆ 1954ರ ಆ ಹಳೆಯ ಸಮನ್ವಯ ಮಂಡಳಿಯೂ ಅವರೂ ಜೊತೆಗೆ ಕುಳಿತು ಒಪ್ಪಂದದ ಕರಡನ್ನು ತಾವೇ ಬರೆದು ಸರ್ಕಾರದ ಮುಂದಿಟ್ಟರು. 2012ರ ಮೇ ತಿಂಗಳಲ್ಲಿ ಅದಕ್ಕೆ ಅನುಮತಿ ದೊರೆಯಿತು. ಉಪಕರಣದ ದನಿ ಒಂದು ಮಿಲಿವಾಟ್ ಮೀರಬಾರದು. ಆಸ್ಪತ್ರೆಯ ಗೋಡೆಗಳ ಒಳಗೆ ಮಾತ್ರ ಬಳಸಬೇಕು. ಹತ್ತಿರದಲ್ಲಿ ವಿಮಾನಗಳನ್ನು ಆಲಿಸುವ ಆಂಟೆನಾ ಇದ್ದರೆ ಮೊದಲೇ ಮಾತನಾಡಿಕೊಂಡಿರಬೇಕು. ರೋಗಿ ಎದ್ದು ಹೊರಗೆ ನಡೆದನೆಂದರೆ, ಆಸ್ಪತ್ರೆಯ ಯಂತ್ರದ ಅಪ್ಪಣೆ ಕೇಳಿಸದಾದ ಕೂಡಲೇ ಅವನ ಮೈಮೇಲಿನ ಉಪಕರಣ ತಾನಾಗಿ ಆ ಕಂಪನಾಂಕವನ್ನು ಬಿಟ್ಟು ಪಕ್ಕದ ಹತ್ತು ಮೆಗಾಹರ್ಟ್ಸ್‌ಗೆ ಸರಿಯುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.